ಓದುಗರ ಪ್ರಶ್ನೆ: ಪುಟ್ಟ ಮಕ್ಕಳೊಡನೆ ದೂರದ ವಿಮಾನ ಪ್ರಯಾಣ

ಬೇಸಿಗೆ ರಜೆ ಸಮೀಪಿಸುತ್ತಿದ್ದಂತೆ ನಮಗೆ ಬರುವ ಪತ್ರಗಳಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕರೆದೊಯ್ಯುವವರ ಪ್ರಶ್ನೆಗಳೇ ಹೆಚ್ಚಾಗುತ್ತವೆ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಉತ್ತರಿಸುತ್ತಿರುವವಳು ವೈದ್ಯಳಲ್ಲ, ಇಬ್ಬರು ಮಕ್ಕಳನ್ನು ಸಾಕಿ, ಆಮೇಲೆ ಮೊಮ್ಮಗಳನ್ನೂ ಸೊಂಟದ ಮೇಲೆ ಹೊತ್ತು ಸಾಗರ ದಾಟಿದವಳು. ಔಷಧಿಯ ಮಾತು ಬಂದಲ್ಲೆಲ್ಲ ನಿಮ್ಮ ಮಗುವನ್ನು ನೋಡಿ ಬಲ್ಲ ವೈದ್ಯರ ಮಾತೇ ಕೊನೆಯದೆಂದು ತಿಳಿಯಬೇಕು.

ಪ್ರಶ್ನೆ: ನನ್ನ ಯಜಮಾನರು ಆರು ತಿಂಗಳಿಂದ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಮೇ ತಿಂಗಳಲ್ಲಿ ನಾನು 4 ವರ್ಷದ ಮಗಳು ಮತ್ತು 11 ತಿಂಗಳ ಮಗನೊಡನೆ ದುಬೈ ಮಾರ್ಗವಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಒಬ್ಬಳೇ ಹೊರಡಬೇಕಾಗಿದೆ. ವಿಮಾನ ಬೆಳಗಿನ ಜಾವ 4 ಗಂಟೆಗೆ. ಶೀತಕ್ಕೆ ಕೊಡುವ ಸಿರಪ್ ಒಂದು ಚಮಚ ಕುಡಿಸಿದರೆ ಮಕ್ಕಳು ದಾರಿಯುದ್ದಕ್ಕೂ ಮಲಗುತ್ತಾರೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ವರ್ಷ ತುಂಬುವ ಮೊದಲು ಕೂಸಿಗೆ ಇಷ್ಟು ದೂರದ ಪ್ರಯಾಣವೇ ಬೇಡ ಎಂಬುದು ನಮ್ಮ ಅತ್ತೆಯವರ ಮಾತು. ತೊಟ್ಟಿಲು ಸಿಗುವ ಸೀಟನ್ನು ಕೇಳಬೇಕೇ? ಇಪ್ಪತ್ತು ಗಂಟೆಗೂ ಮಿಕ್ಕಿದ ಈ ಪಯಣವನ್ನು ಹೇಗೆ ಕಳೆಯಲಿ?
— ಹೆಸರು ಬೇಡ, ಜಯನಗರ

ಉತ್ತರ: ಸಿರಪ್ಪಿನ ವಿಷಯವನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಅದೊಂದೇ. ನೆಗಡಿ ಮತ್ತು ಅಲರ್ಜಿಗೆ ಕೊಡುವ ಹಳೆಯ ಬಗೆಯ ಔಷಧಿಗಳು ಮಂಪರು ತರಿಸುವುದು ನಿಜವೇ. ಆದರೆ ಅದು ಅವುಗಳ ಅಡ್ಡಪರಿಣಾಮ. ಅವುಗಳಲ್ಲಿ ಒಂದಾದ ಪ್ರೊಮೆಥಜಿನ್ ಅನ್ನು 2 ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದು, ಉಸಿರಾಟವೇ ಕುಗ್ಗಿ ಪ್ರಾಣಕ್ಕೆ ಅಪಾಯವಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಷ್ಟು ಹಿಂದೆಯೇ ಎಚ್ಚರಿಸಿದೆ. ವಿಮಾನದೊಳಗಿನ ಗಾಳಿಯ ಒತ್ತಡವೋ ಸಮುದ್ರಮಟ್ಟದಿಂದ 1,800ರಿಂದ 2,400 ಮೀಟರ್ ಎತ್ತರದ ಜಾಗದಲ್ಲಿರುವಷ್ಟು ಇರುತ್ತದೆ, ಅಂದರೆ ನೀವು ಹೆಚ್ಚುಕಡಿಮೆ ಊಟಿಯ ಎತ್ತರದಲ್ಲಿ ಹದಿನಾರು ಗಂಟೆ ಕುಳಿತಿರುತ್ತೀರಿ. ಆರೋಗ್ಯವಾಗಿರುವ ಮಗುವಿಗೆ ಅದರಿಂದ ತೊಂದರೆಯಿಲ್ಲ, ಆದರೆ ಉಸಿರಾಟವನ್ನು ಮಂದಗೊಳಿಸುವ ಔಷಧಿಯನ್ನು ಪರೀಕ್ಷಿಸಿ ನೋಡುವ ಜಾಗವಂತೂ ಅದಲ್ಲ. ಇನ್ನೊಂದು ಸಂಗತಿಯನ್ನು ಪಕ್ಕದ ಮನೆಯವರು ಹೇಳಿರಲಾರರು: ಇದೇ ಸಿರಪ್ ಕುಡಿದ ಕೆಲವು ಮಕ್ಕಳು ಮಲಗುವ ಬದಲು ಕೆರಳಿ, ಗಂಟೆಗಟ್ಟಲೆ ಕುಣಿದಾಡುತ್ತಾರೆ. 4 ವರ್ಷದ ಮಗಳಿಗೂ ವೈದ್ಯರನ್ನು ಕೇಳದೆ ಅದನ್ನು ಕೊಡಬೇಡಿ.

ಅತ್ತೆಯವರ ಮಾತಿಗೆ ಬಂದರೆ, ತೀರ ಎಳೆಗೂಸುಗಳನ್ನು, ಅಂದರೆ ಹುಟ್ಟಿ ಒಂದೆರಡು ವಾರವೂ ಆಗದ ಮಕ್ಕಳನ್ನು ಅನೇಕ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ ಅಥವಾ ವೈದ್ಯರ ಪತ್ರ ಕೇಳುತ್ತವೆ. 11 ತಿಂಗಳ ಮಗುವಿಗೆ ಅಂಥ ತಡೆಯೇನೂ ಇಲ್ಲ. ಆದರೂ ಅವರ ಕಾಳಜಿಗೆ ಬೆಲೆ ಕೊಡುವ ದಾರಿಯೊಂದಿದೆ: ಹೊರಡುವ ಒಂದು ತಿಂಗಳ ಮುಂಚೆ ಮಗುವನ್ನು ವೈದ್ಯರಿಗೆ ತೋರಿಸಿ, 9 ತಿಂಗಳಿಗೆ ಹಾಕಿಸಬೇಕಾದ ದಡಾರದ ಲಸಿಕೆ ಆಗಿದೆಯೇ ಎಂದು ಖಚಿತಪಡಿಸಿಕೊಂಡು, ಕಿವಿಯನ್ನೂ ಒಮ್ಮೆ ಪರೀಕ್ಷಿಸಲು ಹೇಳಿ. ಸಾಧ್ಯವಾದರೆ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ವೈದ್ಯರ ಬಾಯಿಂದಲೇ ಕೇಳಿದರೆ ಮನೆಯಲ್ಲಿ ಚರ್ಚೆ ಕಡಿಮೆಯಾಗುತ್ತದೆ.

ಈಗ ತೊಟ್ಟಿಲು. ಬ್ಯಾಸಿನೆಟ್ ಎಂದು ಕರೆಯುವ ಈ ತೊಟ್ಟಿಲನ್ನು ವಿಭಾಗದ ಮೊದಲ ಸಾಲಿನ ಎದುರಿನ ಗೋಡೆಗೆ ಸಿಕ್ಕಿಸುತ್ತಾರೆ. ಒಂದು ವಿಮಾನದಲ್ಲಿ ಅವು ಕೆಲವೇ ಇರುವುದರಿಂದ ಟಿಕೆಟ್ ಕೊಂಡ ದಿನವೇ ಸಂಸ್ಥೆಗೆ ಕರೆ ಮಾಡಿ ಕೇಳಿಕೊಳ್ಳಬೇಕು. ಆದರೆ ಕೇಳುವ ಮೊದಲು ಮಗುವನ್ನು ತೂಗಿ, ಅಳೆಯಿರಿ. ತೂಕದ ಮಿತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾದರೂ 10–11 ಕಿಲೋ ಆಸುಪಾಸಿನಲ್ಲಿರುವುದು ಸಾಮಾನ್ಯ. 11 ತಿಂಗಳ ಗಂಡುಮಗುವಿನ ಸರಾಸರಿ ತೂಕ 9 ಕಿಲೋ ದಾಟಿರುತ್ತದೆ, ಉದ್ದ ಮುಕ್ಕಾಲು ಮೀಟರಿನಷ್ಟಿರುತ್ತದೆ. ನಿಮ್ಮ ಮಗ ತುಂಬಿಕೊಂಡ ಮೈಯವನಾಗಿದ್ದರೆ ಕಾಲು ಮಡಿಸಿಯೇ ಮಲಗಬೇಕಾದೀತು. ಅಷ್ಟೇ ಅಲ್ಲ, ವಿಮಾನ ಕುಲುಕಿ ಬೆಲ್ಟ್ ಹಾಕಿಕೊಳ್ಳುವ ದೀಪ ಹೊತ್ತಿದಾಗಲೆಲ್ಲ ಮಲಗಿದ ಮಗುವನ್ನು ಎತ್ತಿ ಮಡಿಲಿಗೆ ತೆಗೆದುಕೊಳ್ಳಬೇಕಾಗುತ್ತದೆ. ಆಗಷ್ಟೇ ನಿದ್ದೆ ಹತ್ತಿದ ಕೂಸನ್ನು ಎಬ್ಬಿಸುವ ಸಂಕಟ ತಾಯಂದಿರಿಗೇ ಗೊತ್ತು. ಆ ಸಾಲಿನಲ್ಲಿ ಮುಂದಿನ ಸೀಟು ಇಲ್ಲದ ಕಾರಣ ವಿಮಾನ ಏರುವಾಗ ಮತ್ತು ಇಳಿಯುವಾಗ ಕೈಚೀಲವನ್ನು ಕಾಲ ಬಳಿ ಇಟ್ಟುಕೊಳ್ಳುವಂತಿಲ್ಲ, ಸೀಟುಗಳ ನಡುವಿನ ಕೈಯಾಸರೆ ಮೇಲಕ್ಕೆ ಮಡಚುವುದೂ ಇಲ್ಲ. ಹಾಗಾಗಿ ಮಗಳು ನಿಮ್ಮ ತೊಡೆಯ ಮೇಲೆ ತಲೆಯಿಟ್ಟು ಮಲಗಲಾರಳು. ಇಷ್ಟೆಲ್ಲ ಇದ್ದರೂ ನಿಮ್ಮ ಸ್ಥಿತಿಯಲ್ಲಿ ನಾನು ತೊಟ್ಟಿಲನ್ನು ಕೇಳುತ್ತಿದ್ದೆ. ಒಬ್ಬರೇ ಇರುವಾಗ ಊಟ ಮಾಡಲು, ಮಗಳ ಬೆಲ್ಟ್ ಬಿಗಿಯಲು, ಹತ್ತು ನಿಮಿಷ ಎರಡೂ ಕೈಗಳನ್ನು ಬಿಡುವಾಗಿಟ್ಟುಕೊಳ್ಳಲು ಕೂಸನ್ನು ಇಳಿಸುವ ಜಾಗವೊಂದು ಬೇಕು. ಅದನ್ನು ಮಲಗಿಸುವ ಸಾಧನವೆಂದು ನಂಬಿ ಹೋದವರಿಗೆ ಮಾತ್ರ ನಿರಾಸೆಯಾಗುತ್ತದೆ.

ನಿಮ್ಮ ಪಯಣದಲ್ಲಿ ದುಬೈವರೆಗಿನದು ಸುಮಾರು 4 ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 13,000 ಕಿಲೋಮೀಟರ್, 16 ಗಂಟೆಯ ಹಾರಾಟ. ಎರಡನ್ನೂ ಒಂದೇ ಎಂದು ನೋಡಬೇಡಿ. ಮೊದಲನೆಯದು ಮಕ್ಕಳ ನಿದ್ದೆಯ ಹೊತ್ತು, ಆದ್ದರಿಂದ ಅದನ್ನು ರಾತ್ರಿಯೆಂದೇ ನಡೆಸಿಕೊಳ್ಳಿ. ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೆಯ ಟರ್ಮಿನಲ್‌ನಿಂದ ಹೊರಡುತ್ತವೆ. 3 ಗಂಟೆ ಮುಂಚೆ ಅಲ್ಲಿರಬೇಕೆಂದರೆ ನೀವು ಜಯನಗರವನ್ನು ರಾತ್ರಿ 11ಕ್ಕಾದರೂ ಬಿಡಬೇಕು. ಎಂದಿನ ಹೊತ್ತಿಗೆ ಮನೆಯಲ್ಲೇ ಊಟ ಮಾಡಿಸಿ, ಹಲ್ಲುಜ್ಜಿಸಿ, ಮಲಗುವ ಬಟ್ಟೆಯನ್ನೇ ತೊಡಿಸಿ, ಕಾರು ಬರುವವರೆಗೆ ಅವರವರ ಹಾಸಿಗೆಯಲ್ಲೇ ಮಲಗಿಸಿ. ಹೆಬ್ಬಾಳ ದಾಟುವ ಹೊತ್ತಿಗೆ ಇಬ್ಬರೂ ಗಾಢನಿದ್ದೆಯಲ್ಲಿರುತ್ತಾರೆ. ಬೀಳ್ಕೊಡಲು ಬರುವ ನೆಂಟರನ್ನು ಹಿಂದಿನ ದಿನವೇ ಬಂದುಹೋಗಲು ಹೇಳುವುದು ಒಳ್ಳೆಯದು. ರಾತ್ರಿ ಹತ್ತಕ್ಕೆ ಹತ್ತು ಜನ ಮುದ್ದಾಡಿದ ಮಗು ಬೆಳಗಿನವರೆಗೂ ಮಲಗುವುದಿಲ್ಲ.

ದುಬೈಯಲ್ಲಿ ಮತ್ತೊಮ್ಮೆ ಭದ್ರತಾ ತಪಾಸಣೆ ಇರುತ್ತದೆ. ಅದು ಮುಗಿದ ಮೇಲೆ ಮಗಳನ್ನು ಬೇಕಾದಷ್ಟು ನಡೆದಾಡಿಸಿ; ಗೇಟಿನ ಬಳಿ ಶಿಸ್ತಾಗಿ ಕುಳಿತುಕೋ ಎಂದು ಗದರಬೇಡಿ, ಮುಂದಿನ 16 ಗಂಟೆ ಕುಳಿತೇ ಇರಬೇಕಲ್ಲ. ಎರಡನೆಯ ವಿಮಾನ ಹತ್ತಿದ ಮೇಲೆ ಮನೆಯ ದಿನಚರಿಯನ್ನೇ ಅಲ್ಲಿ ನಡೆಸಿ. ಇಷ್ಟು ಹೊತ್ತಿಗೆ ತಿಂಡಿ, ಆಮೇಲೆ ಚಿತ್ರ ಬಿಡಿಸುವುದು, ಆಮೇಲೆ ಒಂದು ಸುತ್ತು ನಡೆದಾಟ, ಆಮೇಲೆ ಪರದೆಯ ಮೇಲೆ ಕಾರ್ಟೂನು, ಮುಖ ಒರೆಸಿ ಬಟ್ಟೆ ಬದಲಿಸಿ ಕಥೆ ಹೇಳಿ ನಿದ್ದೆ. ಮಕ್ಕಳನ್ನು ಕಂಗೆಡಿಸುವುದು ಅವರಿಗೆ ಪರಿಚಯವಿರುವ ಕ್ರಮ ತಪ್ಪಿಹೋಗುವುದು. ವಿಮಾನವೆಂಬುದು ಅವರಿಗೆ ಇನ್ನೊಂದು ಕೋಣೆಯಷ್ಟೇ. ಗಡಿಯಾರ ನೋಡದೆ ಈ ಸರದಿಯನ್ನು ಎರಡು ಬಾರಿ ನಡೆಸಿದರೆ 16 ಗಂಟೆ ಕಳೆದಿರುತ್ತದೆ. ಹೊಸ ಆಟಿಕೆಗಳನ್ನು ಒಟ್ಟಿಗೆ ಕೊಡದೆ ಒಂದೊಂದಾಗಿ ಚೀಲದಿಂದ ತೆಗೆಯಿರಿ. ದುಬಾರಿ ಆಟಿಕೆ ಬೇಕಿಲ್ಲ. ನನ್ನ ಮೊಮ್ಮಗಳು ಅಂಟಿಸಿ ಕಿತ್ತು ಅಂಟಿಸುವ ಸ್ಟಿಕ್ಕರಿನ ಒಂದು ಹಾಳೆಯಲ್ಲಿ ಎರಡು ಗಂಟೆ ಕಳೆದಳು, ಆ ಸ್ಟಿಕ್ಕರುಗಳಲ್ಲಿ ಅರ್ಧ ನನ್ನ ಸೀರೆಯ ಮೇಲಿದ್ದವು ಎಂಬುದು ಬೇರೆ ಮಾತು.

ಮಗಳ ಸೀಟು ನಿಮ್ಮ ಪಕ್ಕದಲ್ಲೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. 12 ವರ್ಷದೊಳಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆ, ತಾಯಿ ಅಥವಾ ಪೋಷಕರೊಬ್ಬರ ಪಕ್ಕದ ಸೀಟನ್ನೇ ಕೊಡಬೇಕೆಂದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ಇಲ್ಲಿನ ಸಂಸ್ಥೆಗಳಿಗೆ ಸೂಚಿಸಿದೆ. ಹೊರದೇಶದ ಸಂಸ್ಥೆಯಾದರೆ ನೀವೇ ಕೇಳಿ ಬರೆಸಿಕೊಳ್ಳಬೇಕು. ಎಲ್ಲರ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿರಲಿ.

ಕೈಚೀಲದಲ್ಲಿ ಗಂಟೆಗೊಂದರ ಲೆಕ್ಕದಲ್ಲಿ ಡೈಪರ್, ಮೇಲೆ ಐದಾರು ಹೆಚ್ಚಿಗೆ ಇರಲಿ. ವಿಮಾನ ತಡವಾದರೆ ಅವೇ ಕಾಯುವುದು. ಇಬ್ಬರಿಗೂ ಎರಡು ಜೊತೆ ಬಟ್ಟೆ ಇಟ್ಟುಕೊಳ್ಳುವುದನ್ನು ಯಾರೂ ಮರೆಯುವುದಿಲ್ಲ, ತಮಗೊಂದು ಜೊತೆ ಇಟ್ಟುಕೊಳ್ಳುವುದನ್ನು ಎಲ್ಲರೂ ಮರೆಯುತ್ತಾರೆ. ಮೊದಲ ಪ್ರಯಾಣದಲ್ಲಿ ಮಗ ನನ್ನ ಹೆಗಲ ಮೇಲೆ ವಾಂತಿ ಮಾಡಿಕೊಂಡಾಗ ಅವನು ಐದು ನಿಮಿಷದಲ್ಲಿ ಮಡಿ ಬಟ್ಟೆಯಲ್ಲಿದ್ದ. ನಾನು ಮಾತ್ರ ಒಂಬತ್ತು ಗಂಟೆ ಹಾಗೆಯೇ ಕುಳಿತಿದ್ದೆ. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಜೋಲಿ ನಿಮ್ಮಂತೆ ಒಬ್ಬರೇ ಹೋಗುವವರಿಗೆ ಸ್ಟ್ರಾಲರ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಆದರೆ ವಿಮಾನ ಏರುವಾಗ ಮತ್ತು ಇಳಿಯುವಾಗ ಅದರಿಂದ ಮಗುವನ್ನು ಹೊರತೆಗೆಯಲು ಸಾಮಾನ್ಯವಾಗಿ ಹೇಳುತ್ತಾರೆ. ಬಿಸಿನೀರು ಕೇಳಿ ಪಡೆಯುವಾಗ ಮುಚ್ಚಳವಿರುವ ಬಾಟಲಿಗೆ ಅರ್ಧದಷ್ಟೇ ತುಂಬಿಸಿಕೊಳ್ಳಿ, ಮಡಿಲಲ್ಲಿ ಕೂಸಿರುವಾಗ ತೆರೆದ ಲೋಟದಲ್ಲಿ ಬಿಸಿಯಾದ ಯಾವುದನ್ನೂ ಕೈಗೆ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಎರಡೂವರೆ ವರ್ಷದ ನಮ್ಮ ಮಗ ಮುಂಬೈನಿಂದ ಬರುವಾಗ ವಿಮಾನ ಇಳಿಯುವ ಹೊತ್ತಿಗೆ ಕಿವಿ ಹಿಡಿದುಕೊಂಡು ಕಿರುಚಿದ. ಮುಂದಿನ ತಿಂಗಳು ಲಂಡನ್ನಿಗೆ ಹೋಗಬೇಕು. ಅಷ್ಟು ದೂರ ಹೋಗುವಾಗ ನೋವು ಇನ್ನೂ ಹೆಚ್ಚಾಗುವುದೇ?
— ವಿಜಯನಗರದ ಓದುಗರು

ಉತ್ತರ: ಆಗುವುದಿಲ್ಲ. ಕಿವಿನೋವಿಗೂ ಪ್ರಯಾಣದ ದೂರಕ್ಕೂ ಸಂಬಂಧವಿಲ್ಲ. ಲಂಡನ್ನಿನ ಹತ್ತು ಹನ್ನೊಂದು ಗಂಟೆಯ ಹಾರಾಟದಲ್ಲೂ ಇಳಿಯುವ ಕೊನೆಯ ಅರ್ಧ ಗಂಟೆಯೇ ಮುಖ್ಯವಾದದ್ದು. ಕಿವಿಯ ಒಳಭಾಗವನ್ನು ಗಂಟಲಿನ ಹಿಂಬದಿಗೆ ಸೇರಿಸುವ ಸಣ್ಣ ನಾಳವೊಂದಿದೆ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟಿದಂತಾಗಿ, ಎಂಜಲು ನುಂಗಿದೊಡನೆ ಬಿಟ್ಟುಕೊಳ್ಳುತ್ತದಲ್ಲ, ಅದು ಆ ನಾಳ ತೆರೆದುಕೊಂಡ ಲಕ್ಷಣ. ಮೇಲೇರುವಾಗ ಒಳಗಿನ ಗಾಳಿ ತಾನಾಗಿ ಹೊರಬರುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಾಗಿ, ಗಾಳಿ ಒಳಗೆ ಹೋಗಬೇಕಾದ ನಾಳ ಅಂಟಿಕೊಂಡಂತಾಗುತ್ತದೆ. ಪುಟ್ಟ ಮಕ್ಕಳಲ್ಲಿ ಅದು ಇನ್ನೂ ಕಿರಿದಾಗಿ, ಹೆಚ್ಚು ಅಡ್ಡವಾಗಿ ಇರುವುದರಿಂದ ಅವರ ನೋವು ಹೆಚ್ಚು. ಬೇಕಾದದ್ದು ನುಂಗುವ ಕೆಲಸ. ವಿಮಾನ ಇಳಿಯತೊಡಗಿದೆ ಎಂಬ ಪ್ರಕಟಣೆ ಕೇಳಿದೊಡನೆ ಮಗ ಮಲಗಿದ್ದರೂ ಎಬ್ಬಿಸಿ, ಸ್ಟ್ರಾ ಹಾಕಿದ ಲೋಟದಲ್ಲಿ ನೀರನ್ನೋ ಹಣ್ಣಿನ ರಸವನ್ನೋ ಸ್ವಲ್ಪ ಸ್ವಲ್ಪವಾಗಿ ಕೊನೆಯವರೆಗೂ ಕುಡಿಸುತ್ತಿರಿ. ಒಮ್ಮೆಲೇ ಕುಡಿಸಿ ಮುಗಿಸಿಬಿಟ್ಟರೆ ಪ್ರಯೋಜನವಿಲ್ಲ. ಹಾಲು ಕುಡಿಯುವ ಕೂಸಾದರೆ ಎದೆಹಾಲಿಗಿಂತ ಒಳ್ಳೆಯ ಉಪಾಯವಿಲ್ಲ. ಚೂಯಿಂಗ್ ಗಮ್, ಗಟ್ಟಿ ಪೆಪ್ಪರಮೆಂಟು, ಕಡಲೆಕಾಯಿ ಬೀಜ ಈ ವಯಸ್ಸಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಂಡಾವು. ಅತ್ತರೂ ಗಾಬರಿಯಾಗಬೇಡಿ, ಅಳುವಾಗಲೂ ಮಗು ನುಂಗುತ್ತದೆ. ಹೊರಡುವ ವಾರದಲ್ಲಿ ನೆಗಡಿಯೋ ಕಿವಿಸೋರುವಿಕೆಯೋ ಇದ್ದರೆ ಮಾತ್ರ ವೈದ್ಯರಿಗೆ ತೋರಿಸದೆ ವಿಮಾನ ಹತ್ತಬೇಡಿ.

ಪ್ರಶ್ನೆ: ನಮ್ಮ ಮಗಳಿಗೆ ಜುಲೈ 10ಕ್ಕೆ 2 ವರ್ಷ ತುಂಬುತ್ತದೆ. ಜೂನ್‌ನಲ್ಲಿ ಸಿಡ್ನಿಗೆ ಹೋಗಿ ಆಗಸ್ಟ್‌ನಲ್ಲಿ ಹಿಂತಿರುಗುತ್ತೇವೆ. ಮಡಿಲಲ್ಲೇ ಕೂರಿಸಿಕೊಂಡು ಹೋಗಿಬರಬಹುದೇ?
— ಮಲ್ಲೇಶ್ವರದ ಓದುಗರು

ಉತ್ತರ: ಹೋಗುವಾಗ ಕೂರಿಸಿಕೊಳ್ಳಬಹುದು, ಬರುವಾಗ ಆಗದು. ವಯಸ್ಸನ್ನು ಪ್ರಯಾಣದ ದಿನಕ್ಕೆ ಲೆಕ್ಕ ಹಾಕುವುದರಿಂದ ಆಗಸ್ಟ್‌ನ ಪ್ರಯಾಣಕ್ಕೆ ಅವಳಿಗೆ ಸೀಟು ಕೊಳ್ಳಲೇಬೇಕು. ಅಂತರರಾಷ್ಟ್ರೀಯ ಮಾರ್ಗಗಳಲ್ಲಿ ಮಡಿಲ ಕೂಸಿಗೆ ಸಾಮಾನ್ಯವಾಗಿ ದೊಡ್ಡವರ ದರದ ಸುಮಾರು ಶೇಕಡ 10ರಷ್ಟು ತೆಗೆದುಕೊಳ್ಳುತ್ತಾರೆ, ಆ ಉಳಿತಾಯದ ಆಸೆ ಸಹಜವೇ. ಆದರೂ ಕೈಯಲ್ಲಿ ಹಣವಿದ್ದರೆ ಎರಡೂ ಕಡೆಗೆ ಸೀಟು ಕೊಂಡುಬಿಡಿ ಎನ್ನುತ್ತೇನೆ. ಎರಡು ವರ್ಷದ ಹತ್ತಿರದ ಮಗು ಹನ್ನೊಂದು ಹನ್ನೆರಡು ಗಂಟೆ ಮಡಿಲಲ್ಲಿ ಕೂರುವುದಿಲ್ಲ ಎಂಬುದು ಒಂದು ಕಾರಣ. ವಿಮಾನ ಜೋರಾಗಿ ಕುಲುಕಿದರೆ ತೋಳಿನ ಬಲದಿಂದ ಮಗುವನ್ನು ಹಿಡಿದಿಡಲಾಗದು ಎಂಬುದು ದೊಡ್ಡ ಕಾರಣ. ವಿಮಾನದಲ್ಲಿ ಬಳಸಬಹುದೆಂಬ ಮುದ್ರೆ ಇರುವ ಕಾರಿನ ಮಕ್ಕಳ ಸೀಟನ್ನು ಅನೇಕ ಸಂಸ್ಥೆಗಳು ಒಪ್ಪುತ್ತವೆ. ಕೇರ್ಸ್ ಎಂಬ ಹೆಸರಿನ, 10ರಿಂದ 20 ಕಿಲೋ ತೂಕದ ಮಕ್ಕಳಿಗಾಗಿ ಮಾಡಿದ ಹಗುರವಾದ ಪಟ್ಟಿಯೂ ಇದೆ. ಯಾವುದನ್ನು ಒಪ್ಪುತ್ತಾರೆಂದು ನಿಮ್ಮ ಸಂಸ್ಥೆಯನ್ನು ಮೊದಲೇ ಕೇಳಿ.

ಪ್ರಶ್ನೆ: ನಾನೂ ನನ್ನ ಹೆಂಡತಿಯೂ 6 ವರ್ಷದ ಮೊಮ್ಮಗಳನ್ನು ಕರೆದುಕೊಂಡು ಟೊರಾಂಟೊದಲ್ಲಿರುವ ಕಿರಿಯ ಮಗನ ಮನೆಗೆ ಹೋಗುವವರಿದ್ದೇವೆ. ಅವಳ ತಂದೆತಾಯಿಗೆ ರಜೆ ಸಿಗದ ಕಾರಣ ಅವರು ಬರುತ್ತಿಲ್ಲ. ವೀಸಾ ಆಗಿದೆ. ಬೇರೆ ಕಾಗದಪತ್ರ ಬೇಕೇ?
— ಹಿರಿಯ ನಾಗರಿಕರು, ಬನಶಂಕರಿ

ಉತ್ತರ: ಬೇಕು ಸ್ವಾಮಿ, ಮತ್ತು ಅದನ್ನು ಕೊನೆಯ ವಾರಕ್ಕೆ ಬಿಡಬೇಡಿ. ತಂದೆತಾಯಿಯ ಜೊತೆಯಿಲ್ಲದೆ ಬರುವ ಮಕ್ಕಳ ಬಳಿ ಒಪ್ಪಿಗೆಯ ಪತ್ರವಿರಬೇಕೆಂದು ಕೆನಡಾ ಸರ್ಕಾರ ಸಲಹೆ ಮಾಡುತ್ತದೆ, ಗಡಿಯಲ್ಲಿರುವ ಅಧಿಕಾರಿ ಅದನ್ನು ಕೇಳಬಹುದು. ತಂದೆ ಮತ್ತು ತಾಯಿ ಇಬ್ಬರೂ ಸಹಿ ಮಾಡಿದ, ಪ್ರಯಾಣದ ದಿನಾಂಕ, ಉಳಿಯುವ ಮನೆಯ ವಿಳಾಸ, ಫೋನ್ ಸಂಖ್ಯೆಗಳಿರುವ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿ, ನೋಟರಿ ಮಾಡಿಸಿ. ಮಗುವಿಗೆ ಅಲ್ಲಿ ಅನಾರೋಗ್ಯವಾದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ನಿಮಗಿದೆ ಎಂಬ ಸಾಲೂ ಅದರಲ್ಲಿರಲಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಎಲ್ಲರಿಗೂ ಒಂದೇ ಮನೆತನದ ಹೆಸರಿರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಮೊಮ್ಮಗಳ ಹೆಸರಿನ ಕೊನೆಗೆ ಅವಳ ತಂದೆಯ ಹೆಸರು, ನಿಮ್ಮ ಹೆಸರಿನ ಕೊನೆಗೆ ನಿಮ್ಮ ತಂದೆಯ ಹೆಸರು ಇದ್ದು, ನೋಡಿದವರಿಗೆ ಸಂಬಂಧವೇ ಕಾಣುವುದಿಲ್ಲ. ಆದ್ದರಿಂದ ಮಗುವಿನ ಜನನ ಪ್ರಮಾಣಪತ್ರವನ್ನೂ ನಿಮ್ಮ ಹಿರಿಯ ಮಗನ ಪಾಸ್‌ಪೋರ್ಟಿನ ಪ್ರತಿಯನ್ನೂ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಮಗುವಿನ ತಂದೆಯ ಹೆಸರು, ಎರಡನೆಯದರ ಕೊನೆಯ ಪುಟದಲ್ಲಿ ಆ ತಂದೆಯ ತಂದೆಯಾಗಿ ನಿಮ್ಮ ಹೆಸರು ಇರುತ್ತದೆ. ಎರಡನ್ನೂ ಜೊತೆಗಿಟ್ಟರೆ ತಾತ ಯಾರೆಂದು ಹೇಳಬೇಕಾಗಿಲ್ಲ. ಗಾಲಿಕುರ್ಚಿ ಬೇಕಿದ್ದರೆ ನಿಮ್ಮಿಬ್ಬರಲ್ಲಿ ಒಬ್ಬರು ಮಾತ್ರ ಕೇಳಿಕೊಳ್ಳಿ, ಮಗುವಿನ ಕೈ ಹಿಡಿದು ನಡೆಯುವವರು ಒಬ್ಬರು ಬೇಕು.

ಪ್ರಶ್ನೆ: ಮಗಳ ಬಾಣಂತನ ಮುಗಿಸಿ ಬಂದಿದ್ದೆ, ಈಗ ಎಂಟು ತಿಂಗಳ ಮೊಮ್ಮಗನನ್ನು ನೋಡಲು ಮತ್ತೆ ಅಮೆರಿಕಕ್ಕೆ ಹೊರಟಿದ್ದೇನೆ. ಸೊಸೆಯೂ ಅವಳ ಒಂದು ವರ್ಷದ ಮಗುವೂ ಜೊತೆಗಿರುತ್ತಾರೆ. ರಾಗಿ ಸರಿ ಹಿಟ್ಟು, ಚಕ್ಕುಲಿ, ಗೊಜ್ಜು, ಕೊಬ್ಬರಿ, ಕರಿಬೇವು ಒಯ್ಯಬಹುದೇ?
— ರಾಜಾಜಿನಗರದ ಅಜ್ಜಿ

ಉತ್ತರ: ದಾರಿಯಲ್ಲಿ ಮಗುವಿಗೆ ಬೇಕಾದಷ್ಟು ಹಾಲು, ಬೇಯಿಸಿದ ಆಹಾರಕ್ಕೆ ಕೈಚೀಲದ ದ್ರವಗಳಿಗಿರುವ 100 ಮಿಲಿಲೀಟರಿನ ಮಿತಿ ಅನ್ವಯಿಸುವುದಿಲ್ಲ, ತಪಾಸಣೆಯಲ್ಲಿ ಹೊರತೆಗೆದು ತೋರಿಸಿದರಾಯಿತು. ರಾಗಿ ಹಿಟ್ಟಿನ ಮಾತು ಬೇರೆ: ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಪದಾರ್ಥ ಕೈಚೀಲದಲ್ಲಿದ್ದರೆ ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ, ಸಂಶಯ ಬಂದರೆ ಒಯ್ಯಲು ಬಿಡುವುದಿಲ್ಲ. ದಾರಿಗೆ ಒಂದು ಲೋಟದಷ್ಟನ್ನು ಜೊತೆಗಿಟ್ಟುಕೊಂಡು ಉಳಿದದ್ದನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿ. ಗೊಜ್ಜೂ ಅಲ್ಲಿಗೇ ಹೋಗಬೇಕು. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚಿದ್ದು ತಾನಾಗಿ ಬಿಸಿಯೇರುವ ಗುಣವಿರುವುದರಿಂದ ಅದನ್ನು ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ, ಬಿಟ್ಟುಬಿಡಿ. ಹಸಿ ಕರಿಬೇವೂ ಬೇಡ. ಕಿತ್ತಳೆ, ನಿಂಬೆಯ ತೋಟಗಳನ್ನು ಹಾಳುಮಾಡುವ ಕೀಟ ಅದರ ಜೊತೆ ಬರುತ್ತದೆಂದು ಅಮೆರಿಕದಲ್ಲಿ ಅದಕ್ಕೆ ನಿಷೇಧವಿದೆ. ಚಕ್ಕುಲಿಯನ್ನು ಒಯ್ಯಿರಿ, ಆದರೆ ಇಳಿದ ಮೇಲೆ ಆಹಾರವಿದೆಯೇ ಎಂದು ಕೇಳಿದರೆ ಇದೆ ಎಂದೇ ಹೇಳಿ. ಹೇಳಿದ್ದನ್ನು ನೋಡಿ ಬಿಡುತ್ತಾರೆ, ಮುಚ್ಚಿಟ್ಟದ್ದಕ್ಕೆ ದಂಡ ಹಾಕುತ್ತಾರೆ.

ಪ್ರಶ್ನೆ: ಷಿಕಾಗೋದಿಂದ ಮೇ ಕೊನೆಗೆ ಮರಳುತ್ತೇವೆ, ಜೂನ್ ಮೊದಲ ವಾರವೇ ಮಗನ ಶಾಲೆ. ಹೋದ ವರ್ಷ ಹತ್ತು ದಿನ ಅವನು ತರಗತಿಯಲ್ಲಿ ತೂಕಡಿಸಿದ.
— ವೈಟ್‌ಫೀಲ್ಡ್‌ನ ಓದುಗರು

ಉತ್ತರ: ಮೇ ತಿಂಗಳಲ್ಲಿ ನಮಗೂ ಷಿಕಾಗೋಗೂ ಹತ್ತೂವರೆ ಗಂಟೆಯ ಅಂತರ; ದೇಹ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುತ್ತದೆಂದು ಹಿಡಿದರೂ ಹತ್ತು ದಿನ ಸರಿಯಾದ ಲೆಕ್ಕವೇ. ಒಂದು ವಾರ ಮುಂಚೆ ಮರಳಲು ಸಾಧ್ಯವೇ ನೋಡಿ. ಬಂದ ಮರುದಿನದಿಂದಲೇ ಬೆಳಗಿನ ಬಿಸಿಲಿಗೆ ಅವನನ್ನು ಹೊರಗೆ ಬಿಡಿ, ಊಟತಿಂಡಿ ಇಲ್ಲಿನ ಹೊತ್ತಿಗೇ ಆಗಲಿ, ಮಧ್ಯಾಹ್ನದ ನಿದ್ದೆಯನ್ನು ಒಂದು ಗಂಟೆಗೆ ನಿಲ್ಲಿಸಿ ಎಬ್ಬಿಸಿ. ರಾತ್ರಿ 2 ಗಂಟೆಗೆ ಎದ್ದು ಹಸಿವೆಂದರೆ ಒಂದು ಬಾಳೆಹಣ್ಣು ಕೊಟ್ಟು, ದೀಪ ಹಾಕದೆ, ಮೊಬೈಲ್ ಕೊಡದೆ ಪಕ್ಕದಲ್ಲಿ ಮಲಗಿಸಿಕೊಳ್ಳಿ.

ಪ್ರಶ್ನೆ: ನನಗೆ ಮಕ್ಕಳಿಲ್ಲ, ಕೆಲಸಕ್ಕಾಗಿ ತಿಂಗಳಿಗೊಮ್ಮೆ ಫ್ರಾಂಕ್‌ಫರ್ಟ್‌ಗೆ ಹೋಗುತ್ತೇನೆ. ರಾತ್ರಿಯಿಡೀ ಅಳುವ ಮಕ್ಕಳ ಪಕ್ಕ ಕುಳಿತು ಸಾಕಾಗಿದೆ. ಇದಕ್ಕೇನು ಪರಿಹಾರ?
— ಇಂದಿರಾನಗರದ ಓದುಗರು

ಉತ್ತರ: ಮೇಲೆ ಹೇಳಿದ ತೊಟ್ಟಿಲುಗಳು ಪ್ರತಿ ವಿಭಾಗದ ಮೊದಲ ಸಾಲಿನಲ್ಲಿರುತ್ತವೆ. ಸೀಟು ಆರಿಸುವಾಗ ಆ ಸಾಲಿನಿಂದ ಹತ್ತು ಸಾಲು ದೂರದಲ್ಲಿ ಕುಳಿತುಕೊಳ್ಳಿ, ಔಷಧಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಕಿವಿಬಿರಡೆ ಒಂದು ಜೊತೆ ಇಟ್ಟುಕೊಳ್ಳಿ. ಅಷ್ಟಾದರೂ ಪಕ್ಕಕ್ಕೆ ಕೂಸೊಂದು ಬಂದರೆ, ತಾಯಿ ಎದ್ದು ಶೌಚಾಲಯಕ್ಕೆ ಹೋಗಿಬರುವ ಐದು ನಿಮಿಷ ನಾನು ನೋಡಿಕೊಳ್ಳಲೇ ಎಂದು ಕೇಳಿ ನೋಡಿ. ಇದೇ ಅಂಕಣದ ಮೊದಲ ಪ್ರಶ್ನೆ ಕೇಳಿದ ಜಯನಗರದವರಿಗೆ 16 ಗಂಟೆಯಲ್ಲಿ ಆ ಐದು ನಿಮಿಷ ಯಾರು ಕೊಟ್ಟಾರೆಂದು ನಾನು ಯೋಚಿಸುತ್ತಿದ್ದೆ.